ಕಾಯುವ ನಿಮಿಷಕ್ಕೆ ಬೆಲೆ ಕಟ್ಟುವವರು ಯಾರು?

2024ರ ಮೇ 20, ಸೋಮವಾರ. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬಂದಿಳಿದವರನ್ನು ಹತ್ತಿಸಿಕೊಳ್ಳಲು ಪಿಕಪ್ ಲೇನ್‌ಗೆ ಬಂದ ಗಾಡಿಗಳಿಂದ ಶುಲ್ಕ ವಸೂಲಿ ಶುರುವಾಯಿತು. ಬಿಳಿ ಬೋರ್ಡಿನ ಕಾರಿಗೆ ಮೊದಲ 7 ನಿಮಿಷಕ್ಕೆ 150 ರೂಪಾಯಿ, 14 ನಿಮಿಷದವರೆಗೆ 300. ಹಳದಿ ಬೋರ್ಡಿನ ಟ್ಯಾಕ್ಸಿಗೆ 225 ಮತ್ತು 450. ಟೆಂಪೊ ಟ್ರಾವೆಲರ್‌ಗೆ 300, ಬಸ್ಸಿಗೆ 600. ಅದಕ್ಕೂ ಮೀರಿ ನಿಂತರೆ ಗಾಡಿಯನ್ನು ಎಳೆದು ಪೊಲೀಸ್ ಠಾಣೆಗೆ ಸಾಗಿಸುವ ಎಚ್ಚರಿಕೆ. ಚಾಲಕರು ಪ್ರತಿಭಟನೆಗೆ ಇಳಿದರು, ಪ್ರಯಾಣಿಕರು ಸಿಟ್ಟಾದರು. ಮರುದಿನವೇ ಶುಲ್ಕವನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಯಿತು.

ಒಂದೂವರೆ ವರ್ಷ ಕಳೆದ ಮೇಲೆ, 2025ರ ಡಿಸೆಂಬರ್‌ನಲ್ಲಿ, ಅದೇ ಶುಲ್ಕ ರೂಪ ಬದಲಿಸಿಕೊಂಡು ಮರಳಿತು. ಖಾಸಗಿ ಕಾರಿಗೆ ಮೊದಲ 8 ನಿಮಿಷ ಉಚಿತ. 8ರಿಂದ 13 ನಿಮಿಷವಾದರೆ 150 ರೂಪಾಯಿ, 13ರಿಂದ 18 ನಿಮಿಷವಾದರೆ 300. 18 ದಾಟಿದರೆ ಟೋಯಿಂಗ್. ಹಳದಿ ಬೋರ್ಡಿನ ಗಾಡಿಗಳು, ಎಲೆಕ್ಟ್ರಿಕ್ ಟ್ಯಾಕ್ಸಿಗಳೂ ಸೇರಿದಂತೆ, ಆಗಮನ ದ್ವಾರದ ಎದುರಿಗೆ ಬರುವಂತಿಲ್ಲ. ಟರ್ಮಿನಲ್ 1ರ ಪ್ರಯಾಣಿಕರನ್ನು ಪಿ3, ಪಿ4 ಪಾರ್ಕಿಂಗ್‌ನಿಂದ, ಟರ್ಮಿನಲ್ 2ರವರನ್ನು ಪಿ2ರಿಂದ ಹತ್ತಿಸಿಕೊಳ್ಳಬೇಕು. ಅಲ್ಲಿ ಮೊದಲ 10 ನಿಮಿಷ ಉಚಿತ. ಹೀಗೆ ಪ್ರಕಟವಾದ ನಿಯಮದ ವಿರುದ್ಧ ಮತ್ತೆ ಚಾಲಕರ ಪ್ರತಿಭಟನೆ, ಲಗೇಜ್ ಎಳೆದುಕೊಂಡು ಅಷ್ಟು ದೂರ ನಡೆಯಬೇಕಾದ ಹಿರಿಯರ ಗೋಳು.

ಈ ಎರಡು ಸುತ್ತಿನ ಜಗಳದಲ್ಲಿ ಎಲ್ಲರ ಕಣ್ಣು ರೂಪಾಯಿಯ ಮೇಲಿತ್ತು, ನಿಮಿಷದ ಮೇಲಿತ್ತು. ಏಳು ಸಾಲದು ಎಂಟು ಬೇಕು, 225 ಹೆಚ್ಚಾಯಿತು 150 ಇರಲಿ ಎಂಬ ಚೌಕಾಸಿ ನಡೆಯಿತು. ಯಾರೂ ಗಟ್ಟಿಯಾಗಿ ಕೇಳದೆ ಉಳಿದ ಪ್ರಶ್ನೆ ಇನ್ನೊಂದಿದೆ. ಕೋಟಿಗಟ್ಟಲೆ ಜನ ಬಳಸಲೇಬೇಕಾದ ಒಂದು ಬಾಗಿಲಿನ ಮುಂದೆ ನಿಲ್ಲುವುದಕ್ಕೆ ಎಷ್ಟು ದರ ಎಂದು ನಿರ್ಧರಿಸಿದ್ದು ಯಾವ ಕಟ್ಟೆಯಲ್ಲಿ? ಯಾರ ಅಹವಾಲು ಕೇಳಿ?

ಹಣಕ್ಕೆ ಬರುವ ಮುನ್ನ ಆ ಲೇನ್‌ನಲ್ಲಿ ನಿಲ್ಲುವವರು ಯಾರು ಎಂದು ನೋಡಬೇಕು. ತುಮಕೂರು, ಕೋಲಾರ, ಹಾಸನದ ಕಡೆಯಿಂದ ಮನೆಮಂದಿಯೆಲ್ಲ ಒಂದೇ ಕಾರಿನಲ್ಲಿ ಕೂತು ಮಗನನ್ನೋ ಮಗಳನ್ನೋ ಕರೆದೊಯ್ಯಲು ಬರುತ್ತಾರೆ. ದುಬೈಯಿಂದ ಎರಡು ವರ್ಷದ ನಂತರ ಊರಿಗೆ ಬರುವವರನ್ನು ಟ್ಯಾಕ್ಸಿ ಹಿಡಿದು ಬಾ ಎನ್ನುವ ರೂಢಿ ನಮ್ಮ ಬಹುಪಾಲು ಮನೆಗಳಲ್ಲಿ ಇಲ್ಲ. ಕರೆಯಲು ಹೋಗುವುದು ಇಲ್ಲಿ ಮರ್ಯಾದೆಯ ಮಾತು, ಪ್ರೀತಿಯ ಮಾತು. ವಿಮಾನ ಇಳಿದ ಸಮಯ ಫೋನಿನಲ್ಲಿ ಗೊತ್ತಾಗುತ್ತದೆ ನಿಜ. ಆದರೆ ಇಳಿದವರು ಹೊರಗೆ ಬರುವ ಸಮಯ ಯಾರಿಗೂ ಗೊತ್ತಾಗುವುದಿಲ್ಲ. ಇಮಿಗ್ರೇಷನ್ ಸಾಲು ಎಷ್ಟು ಉದ್ದವಿದೆ, ಬೆಲ್ಟಿನ ಮೇಲೆ ಸೂಟ್‌ಕೇಸ್ ಎಷ್ಟು ಹೊತ್ತಿಗೆ ಬರುತ್ತದೆ, ಕಸ್ಟಮ್ಸ್‌ನವರು ಯಾರನ್ನು ನಿಲ್ಲಿಸುತ್ತಾರೆ ಎಂಬುದೆಲ್ಲ ಕಾರಿನಲ್ಲಿ ಕೂತವರ ಕೈಯಲ್ಲಿಲ್ಲ. ಗಾಲಿಕುರ್ಚಿಯಲ್ಲಿ ಬರುವ ಅಜ್ಜಿಯನ್ನು ಸೀಟಿಗೆ ಕೂರಿಸಿ, ಕುರ್ಚಿ ಮಡಿಸಿ, ಡಿಕ್ಕಿ ಮುಚ್ಚುವಷ್ಟರಲ್ಲೇ ಎಂಟು ನಿಮಿಷದಲ್ಲಿ ಅರ್ಧ ಕಳೆದಿರುತ್ತದೆ. ಒಳಗಿನ ವಿಳಂಬಕ್ಕೆ ಹೊರಗೆ ನಿಂತವರಿಂದ ದುಡ್ಡು ವಸೂಲಿ ಮಾಡುವ ಪದ್ಧತಿ ಇದು.

ಇನ್ನು ಟ್ಯಾಕ್ಸಿಯವರ ಲೆಕ್ಕ. 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಎಲ್ಲ ಟ್ಯಾಕ್ಸಿಗಳಿಗೂ ಏಕರೂಪದ ದರ ನಿಗದಿ ಮಾಡಿತು. 10 ಲಕ್ಷ ರೂಪಾಯಿ ಬೆಲೆಯ ಒಳಗಿನ ಕಾರಿಗೆ ಮೊದಲ 4 ಕಿಲೋಮೀಟರ್‌ಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. ಅದೇ ಆದೇಶದಲ್ಲಿ ಕಾಯುವ ದರವೂ ಇದೆ: ಮೊದಲ 5 ನಿಮಿಷ ಉಚಿತ, ನಂತರ ನಿಮಿಷಕ್ಕೆ 1 ರೂಪಾಯಿ. ಅಂದರೆ ಚಾಲಕ ತನ್ನ ಗಾಡಿ ನಿಲ್ಲಿಸಿ, ತನ್ನ ದುಡಿಮೆಯ ಹೊತ್ತು ಕಳೆದು ಪ್ರಯಾಣಿಕರಿಗಾಗಿ ಕಾದರೆ ಅವನಿಗೆ ಸಿಗುವುದು ನಿಮಿಷಕ್ಕೆ ಒಂದು ರೂಪಾಯಿ. ವಿಮಾನ ನಿಲ್ದಾಣದ ಲೇನ್‌ನಲ್ಲಿ ಕಾರು 8ರಿಂದ 13ನೇ ನಿಮಿಷದವರೆಗೆ ನಿಂತರೆ ಕೊಡಬೇಕಾದ್ದು 150 ರೂಪಾಯಿ, ನಿಮಿಷಕ್ಕೆ 30. ಒಂದನ್ನು ಸರ್ಕಾರ ಲೆಕ್ಕ ಹಾಕಿ, ಅಧಿಸೂಚನೆ ಹೊರಡಿಸಿ ಕಟ್ಟಿಹಾಕಿದೆ. ಇನ್ನೊಂದಕ್ಕೆ ಅಂಥ ಕಟ್ಟೇ ಇಲ್ಲ.

2024ರ ದರ ಉಳಿದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ನೋಡಬಹುದು. ನಿಲ್ದಾಣದಿಂದ ನಗರದ ನಡುವಿಗೆ 40 ಕಿಲೋಮೀಟರ್ ಎಂದಿಟ್ಟುಕೊಂಡರೆ ಸಣ್ಣ ಕಾರಿನ ಸರ್ಕಾರಿ ಬಾಡಿಗೆ 964 ರೂಪಾಯಿ. ಅದರ ಮೇಲೆ 225 ರೂಪಾಯಿ ಬರೀ ಏಳು ನಿಮಿಷ ನಿಂತಿದ್ದಕ್ಕೆ. ಬಾಡಿಗೆಯ ಹೆಚ್ಚುಕಡಿಮೆ ಕಾಲುಭಾಗ. ಸಾದಹಳ್ಳಿಯ ಟೋಲ್ ಬೇರೆ. ಇದನ್ನು ಪ್ರಯಾಣಿಕರು ಕೊಡಬೇಕೇ, ಚಾಲಕರು ಕೊಡಬೇಕೇ ಎಂಬ ಜಗಳ ಮಧ್ಯರಾತ್ರಿಯ ಪ್ರತಿ ಟ್ರಿಪ್‌ನಲ್ಲೂ ಹುಟ್ಟುತ್ತಿತ್ತು. ಡಿಸೆಂಬರ್‌ನ ನಿಯಮ ಆ ಜಗಳವನ್ನು ತಪ್ಪಿಸಿತು, ಆದರೆ ಟ್ಯಾಕ್ಸಿಯನ್ನೇ ದ್ವಾರದಿಂದ ದೂರ ತಳ್ಳಿ. ಸ್ವಂತ ಕಾರಿದ್ದವರಿಗೆ ಬಾಗಿಲ ಹತ್ತಿರದ ಜಾಗ, ಬಾಡಿಗೆ ಕಾರಿನಲ್ಲಿ ಹೋಗುವವರಿಗೆ ದೂರದ ಪಾರ್ಕಿಂಗ್ ಎಂಬ ವಿಂಗಡಣೆ ತಲೆಕೆಳಗಾದದ್ದು. ಒಂದು ಟ್ಯಾಕ್ಸಿ ದಿನಕ್ಕೆ ಹಲವು ಕುಟುಂಬಗಳನ್ನು ಸಾಗಿಸುತ್ತದೆ. ದಟ್ಟಣೆ ಕಡಿಮೆಯಾಗಬೇಕು ಎನ್ನುವವರು ಮೊದಲು ಹತ್ತಿರಕ್ಕೆ ಕರೆಯಬೇಕಾದ್ದು ಬಸ್ಸನ್ನು, ಆಮೇಲೆ ಟ್ಯಾಕ್ಸಿಯನ್ನು, ಕೊನೆಗೆ ಒಬ್ಬರಿಗಾಗಿ ಬಂದ ಖಾಸಗಿ ಕಾರನ್ನು.

ನಿಲ್ದಾಣದ ಕಷ್ಟ ಸುಳ್ಳಲ್ಲ. 2024-25ರಲ್ಲಿ ಇಲ್ಲಿ ಓಡಾಡಿದವರ ಸಂಖ್ಯೆ 4 ಕೋಟಿ ದಾಟಿದೆ. ದಿನಕ್ಕೆ ಸರಾಸರಿ ಒಂದು ಲಕ್ಷಕ್ಕೂ ಹೆಚ್ಚು ಜನ, ಅವರಲ್ಲಿ ಸುಮಾರು ಅರ್ಧದಷ್ಟು ಬಂದಿಳಿಯುವವರು. ವಿಮಾನಗಳು ಬೆಳಿಗ್ಗೆ, ರಾತ್ರಿ ಗುಂಪುಗುಂಪಾಗಿ ಇಳಿಯುತ್ತವೆ. ಬಾಗಿಲ ಮುಂದಿನ ಕಲ್ಲುಹಾಸಿನ ಅಂಚನ್ನು ಮಾತ್ರ ಎಷ್ಟು ಎಳೆದರೂ ಉದ್ದ ಮಾಡಲಾಗದು. ಅಲ್ಲಿ ನಾಲ್ಕು ಕಾರು ಹಜಾರ್ಡ್ ಲೈಟ್ ಹಾಕಿಕೊಂಡು ಅರ್ಧ ಗಂಟೆ ನಿಂತರೆ ಹಿಂದೆ ನಾನೂರು ಮಂದಿ ಸಿಕ್ಕಿಬೀಳುತ್ತಾರೆ, ಆಂಬುಲೆನ್ಸಿಗೂ ದಾರಿಯಿರುವುದಿಲ್ಲ. ಹೀಗೆ ನಿಲ್ಲುವವರಿಗೆ ಕಡಿವಾಣ ಬೇಕು. ಮೊದಲ ಕೆಲವು ನಿಮಿಷ ಉಚಿತ, ಆಮೇಲೆ ಏರುವ ದರ ಎಂಬ ಡಿಸೆಂಬರ್ 2025ರ ಸೂತ್ರ, ಒಳಗೆ ಕಾಲಿಟ್ಟ ಕ್ಷಣದಿಂದಲೇ ದುಡ್ಡು ಕೇಳಿದ 2024ರ ಸೂತ್ರಕ್ಕಿಂತ ಎಷ್ಟೋ ನ್ಯಾಯವಾದದ್ದು. ಬಿಡಲು ಬಂದವರಿಂದ ಏನೂ ಕೇಳದೆ ಇರುವುದೂ ಒಳ್ಳೆಯದೇ.

ತಕರಾರು ಇರುವುದು ಕಡಿವಾಣದ ಬಗ್ಗೆ ಅಲ್ಲ. ದರ ಕಟ್ಟುವ ಅಧಿಕಾರ ಎಲ್ಲಿದೆ ಎಂಬುದರ ಬಗ್ಗೆ.

ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರು ತೆರುವ ಹಣದಲ್ಲಿ ಎರಡು ಬಗೆ. ಒಂದು, ಟಿಕೆಟ್ಟಿನಲ್ಲೇ ಸೇರಿರುವ ಬಳಕೆದಾರರ ಅಭಿವೃದ್ಧಿ ಶುಲ್ಕ, ಅಂದರೆ ಯುಡಿಎಫ್. ಇದನ್ನು ನಿಲ್ದಾಣದವರು ತಮಗೆ ತೋಚಿದಂತೆ ಏರಿಸುವಂತಿಲ್ಲ. 2008ರ ಕಾಯ್ದೆಯಡಿ ರಚನೆಯಾದ ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರದ ಮುಂದೆ ಅವರು ಲೆಕ್ಕ ಇಡಬೇಕು. ಪ್ರಾಧಿಕಾರ ಸಮಾಲೋಚನಾ ಪತ್ರ ಪ್ರಕಟಿಸಿ, ವಿಮಾನಯಾನ ಕಂಪನಿಗಳಿಂದ ಹಿಡಿದು ಸಾಮಾನ್ಯ ಪ್ರಯಾಣಿಕರವರೆಗೆ ಎಲ್ಲರ ಆಕ್ಷೇಪ ಕೇಳಿ, ಕಾರಣ ಬರೆದು ಆದೇಶ ಹೊರಡಿಸುತ್ತದೆ. ಒಪ್ಪದವರು ಮೇಲ್ಮನವಿ ಹೋಗಬಹುದು. 2019ರಲ್ಲಿ ಬೆಂಗಳೂರು ನಿಲ್ದಾಣಕ್ಕೆ ವಿಸ್ತರಣೆ ಕಾಮಗಾರಿಗೆ ಹಣ ಬೇಕಾಯಿತು. ಆಗ ದೇಶದೊಳಗಿನ ಪ್ರಯಾಣದ ಯುಡಿಎಫ್ ಅನ್ನು 139 ರೂಪಾಯಿಯಿಂದ 306ಕ್ಕೆ, ವಿದೇಶ ಪ್ರಯಾಣದ್ದನ್ನು 558ರಿಂದ 1,226ಕ್ಕೆ ಏರಿಸಲಾಯಿತು. ಅದೂ ಏಪ್ರಿಲ್ 16ರಿಂದ ನಾಲ್ಕು ತಿಂಗಳ ಮಟ್ಟಿಗೆ. ಆ ಏರಿಕೆ ಸರಿಯೋ ತಪ್ಪೋ ಎಂಬ ವಾದ ಇರಬಹುದು. ಆದರೆ 167 ರೂಪಾಯಿಯ ಆ ತಾತ್ಕಾಲಿಕ ಹೆಚ್ಚಳಕ್ಕೂ ಪ್ರಾಧಿಕಾರದ ಒಪ್ಪಿಗೆ ಬೇಕಾಗಿತ್ತು ಎಂಬುದು ಮುಖ್ಯ.

ಎರಡನೆಯ ಬಗೆ, ವಿಮಾನಕ್ಕೆ ನೇರ ಸಂಬಂಧವಿಲ್ಲದ ಆದಾಯ. ಅಂಗಡಿ, ಹೋಟೆಲು, ಜಾಹೀರಾತು, ವಾಹನ ನಿಲುಗಡೆ. 2008ರ ಕಾಯ್ದೆಯ ಪ್ರಕಾರ ಪ್ರಾಧಿಕಾರದ ದರ ನಿಗದಿಗೆ ಒಳಪಡುವ ಸೇವೆಗಳ ವ್ಯಾಖ್ಯೆಯಲ್ಲಿ ವಿಮಾನ ಇಳಿಸುವುದು, ವಿಮಾನ ನಿಲ್ಲಿಸುವುದು, ಸರಕು ಸಾಗಣೆ, ಇಂಧನ ಪೂರೈಕೆ ಎಲ್ಲ ಇವೆ. ಕಾರು ನಿಲ್ಲಿಸುವುದು ಇಲ್ಲ. ಕೇಂದ್ರ ಸರ್ಕಾರದ ಜೊತೆ ನಿಲ್ದಾಣ ನಡೆಸುವ ಬೆಂಗಳೂರು ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಲಿಮಿಟೆಡ್, ಅಂದರೆ ಬಿಐಎಎಲ್, 2004ರ ಜುಲೈನಲ್ಲಿ ಮಾಡಿಕೊಂಡ ಕನ್ಸೆಷನ್ ಒಪ್ಪಂದವೂ ಅದನ್ನೇ ಹೇಳುತ್ತದೆ: ನಿಯಂತ್ರಿತ ಶುಲ್ಕಗಳ ಪಟ್ಟಿಯಲ್ಲಿಲ್ಲದ ಸೇವೆಗಳಿಗೆ ದರ ಕಟ್ಟಲು ಕಂಪನಿ ಸ್ವತಂತ್ರ. ಹಾಗಾಗಿ ಪಿಕಪ್ ಶುಲ್ಕಕ್ಕೆ ಸಮಾಲೋಚನಾ ಪತ್ರ ಬೇಕಿಲ್ಲ, ಅಹವಾಲು ಸಭೆ ಬೇಕಿಲ್ಲ. ಒಂದು ಪತ್ರಿಕಾ ಪ್ರಕಟಣೆ ಸಾಕು.

ಕಾಫಿ ಅಂಗಡಿಯ ಮಟ್ಟಿಗೆ ಈ ಸ್ವಾತಂತ್ರ್ಯ ಸರಿ. ಕಾಫಿ ದುಬಾರಿ ಎನಿಸಿದರೆ ಕುಡಿಯದೆ ಬರಬಹುದು. ಬಾಗಿಲಿನಿಂದ ಹೊರಗೆ ಬರದೆ ಇರಲು ಸಾಧ್ಯವೇ?

ಬೇರೆ ನಿಲ್ದಾಣಕ್ಕೆ ಹೋಗೋಣ ಎಂದರೂ ದಾರಿಯಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಈ ನಿಲ್ದಾಣ ತೆರೆದಾಗ ನಗರದೊಳಗಿನ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳ ಹಾರಾಟ ನಿಂತಿತು. ಅದನ್ನು ಉಳಿಸಿಕೊಳ್ಳಿ ಎಂದು ಬೆಂಗಳೂರಿನವರು ಅಂದು ಮಾಡಿದ ಹೋರಾಟ ಇನ್ನೂ ಅನೇಕರ ನೆನಪಿನಲ್ಲಿದೆ. ಅದೇ 2004ರ ಒಪ್ಪಂದದ ಪ್ರಕಾರ ಮೈಸೂರು ಮತ್ತು ಹಾಸನವನ್ನು ಬಿಟ್ಟರೆ 150 ಕಿಲೋಮೀಟರ್ ವ್ಯಾಪ್ತಿಯಲ್ಲಿ ಇನ್ನೊಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 25 ವರ್ಷ, ಅಂದರೆ 2033ರವರೆಗೆ ಬರುವಂತಿಲ್ಲ. ಹೂಡಿಕೆದಾರರಿಗೆ ಧೈರ್ಯ ಕೊಡಲು ಅಂದು ಹಾಕಿದ ಷರತ್ತು ಅದು. ಅದಕ್ಕೆ ಕಾರಣವೂ ಇತ್ತು. ಆದರೆ ಸ್ಪರ್ಧೆಯಿಲ್ಲದ ಜಾಗದಲ್ಲಿ ದರದ ಸ್ವಾತಂತ್ರ್ಯವನ್ನೂ ಕೊಟ್ಟರೆ ಪ್ರಯಾಣಿಕರ ಪರ ಕೇಳುವವರು ಯಾರೂ ಉಳಿಯುವುದಿಲ್ಲ.

ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ತಿಳಿಯಬೇಕು. 2016ರ ರಾಷ್ಟ್ರೀಯ ನಾಗರಿಕ ವಿಮಾನಯಾನ ನೀತಿ ಒಂದು ಸೂತ್ರ ತಂದಿತು. ಅಂಗಡಿ, ಪಾರ್ಕಿಂಗ್‌ನಂಥ ಬಾಬ್ತಿನ ಆದಾಯದಲ್ಲಿ ಶೇ 30ರಷ್ಟನ್ನು ಲೆಕ್ಕಕ್ಕೆ ಹಿಡಿದು ಅಷ್ಟರ ಮಟ್ಟಿಗೆ ಪ್ರಯಾಣಿಕರ ಮತ್ತು ವಿಮಾನಗಳ ಶುಲ್ಕವನ್ನು ಇಳಿಸಬೇಕು. ಉಳಿದ ಶೇ 70 ನಿಲ್ದಾಣ ನಡೆಸುವ ಕಂಪನಿಗೆ. ತೆರಿಗೆ ಕಳೆದು ಲೇನ್‌ನಲ್ಲಿ ಸಂಗ್ರಹವಾಗುವ ಪ್ರತಿ 100 ರೂಪಾಯಿಯಲ್ಲಿ 30 ರೂಪಾಯಿ ಸುತ್ತುಬಳಸಿ ಪ್ರಯಾಣಿಕರಿಗೆ ಮರಳುತ್ತದೆ, 70 ಮರಳುವುದಿಲ್ಲ. ದಟ್ಟಣೆ ಕಡಿಮೆ ಮಾಡುವುದು, ಸುರಕ್ಷತೆ ಕಾಪಾಡುವುದು ಈ ಶುಲ್ಕದ ಉದ್ದೇಶ ಎಂದು ನಿಲ್ದಾಣ ಹೇಳುತ್ತದೆ. ಆ ಮಾತನ್ನು ಪೂರ್ತಿಯಾಗಿ ನಂಬಲು ಸಿದ್ಧವಿರುವವರೂ ಒಂದು ಕೇಳಿಕೆ ಇಡಬಹುದು. ಉದ್ದೇಶ ಆದಾಯವಲ್ಲ ಎಂದಾದರೆ ಲೇನ್‌ನ ಇಡೀ ಸಂಗ್ರಹವನ್ನು, ನೂರಕ್ಕೆ ನೂರನ್ನು, ಯುಡಿಎಫ್ ಇಳಿಸಲು ಅಥವಾ ನಿಲ್ದಾಣಕ್ಕೆ ಓಡುವ ವಾಯು ವಜ್ರ ಬಸ್ಸಿನ ಟಿಕೆಟ್ ದರ ಇಳಿಸಲು ಬಳಸಲಿ. ಲೇನ್ ಖಾಲಿಯಾದಷ್ಟೂ ಆದಾಯ ಕುಸಿಯುವ ವ್ಯವಸ್ಥೆಯಲ್ಲಿ, ಲೇನ್ ಖಾಲಿಯಾಗಲಿ ಎಂದು ಮನಸಾರೆ ಬಯಸಲು ಕಂಪನಿಗೆ ಆಗ ಮಾತ್ರ ಸಾಧ್ಯ.

ಲಂಡನ್ನಿನ ಹೀಥ್ರೂ ಈ ವಿಷಯದಲ್ಲಿ ಎರಡು ಪಾಠ ಹೇಳುತ್ತದೆ, ಒಂದು ಒಳ್ಳೆಯದು, ಒಂದು ಎಚ್ಚರಿಕೆಯದು. ಒಳ್ಳೆಯದೇನೆಂದರೆ, ಅಲ್ಲಿನ ನಿಯಂತ್ರಕರು ಹೀಥ್ರೂನ ದರ ನಿರ್ಧರಿಸುವಾಗ ಅಂಗಡಿ, ಪಾರ್ಕಿಂಗ್ ಸೇರಿ ಎಲ್ಲ ಆದಾಯವನ್ನೂ ಒಂದೇ ಲೆಕ್ಕದಲ್ಲಿ ನೋಡುತ್ತಾರೆ. ಅಂಗವಿಕಲರಿಗೆ ಕೊಡುವ ಬ್ಲೂ ಬ್ಯಾಡ್ಜ್ ಇದ್ದವರಿಗೆ ಪೂರ್ತಿ ವಿನಾಯಿತಿ. ಶುಲ್ಕ ಕೊಡಲು ಇಷ್ಟವಿಲ್ಲದವರು ದೂರದ ಪಾರ್ಕಿಂಗ್‌ನಲ್ಲಿ ಇಳಿಸಿ ಉಚಿತ ಬಸ್ಸಿನಲ್ಲಿ ಟರ್ಮಿನಲ್ ತಲುಪಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಸುರಂಗ ರೈಲಿನ ಪಿಕಡಿಲಿ ಮಾರ್ಗ 1977ರಿಂದಲೇ ಟರ್ಮಿನಲ್‌ಗಳ ಅಡಿಗೆ ಬರುತ್ತಿದೆ. ಈಗ ಎಲಿಜಬೆತ್ ಮಾರ್ಗವೂ ಇದೆ. ಕಾರು ಬೇಡ ಎನ್ನುವವರು ಬದಲಿಗೆ ಏನಿದೆ ಎಂದು ತೋರಿಸಬಲ್ಲರು.

ಎಚ್ಚರಿಕೆಯ ಪಾಠ ದರದ ನಡಿಗೆಯಲ್ಲಿದೆ. ಬ್ರಿಟನ್ನಿನಲ್ಲಿ ಶುಲ್ಕ ಇರುವುದು ಬಿಡಲು ಬರುವವರಿಗೆ. 2007ರಲ್ಲಿ ಬರ್ಮಿಂಗ್‌ಹ್ಯಾಮ್ ನಿಲ್ದಾಣ 1 ಪೌಂಡ್‌ನಿಂದ ಆರಂಭಿಸಿತು. 2021ರ ನವೆಂಬರ್‌ನಲ್ಲಿ ಹೀಥ್ರೂ 5 ಪೌಂಡ್ ಇಟ್ಟಿತು. 2025ರಲ್ಲಿ ಅದು 6 ಆಯಿತು, 2026ರಲ್ಲಿ 7, ಜೊತೆಗೆ 10 ನಿಮಿಷದ ಮಿತಿ. ಮರುದಿನ ಮಧ್ಯರಾತ್ರಿಯೊಳಗೆ ಆನ್‌ಲೈನ್‌ನಲ್ಲಿ ಕಟ್ಟದಿದ್ದರೆ 80 ಪೌಂಡ್ ದಂಡ, ಬೇಗ ಕಟ್ಟಿದರೆ 40. ಗೇಟೂ ಇಲ್ಲ, ರಸೀದಿ ಕೊಡುವವರೂ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. ಊರಿಂದ ಬಂದ ಅಪ್ಪ ಅಮ್ಮನನ್ನು ವಾಪಸು ಕಳಿಸುವ ದುಃಖದಲ್ಲಿ ಕಟ್ಟುವುದು ಮರೆತು, ವಾರದ ನಂತರ ಮನೆಗೆ ಬರುವ ನೋಟಿಸು ನೋಡಿ ಹೌಹಾರುವವರಲ್ಲಿ ಅಲ್ಲಿನ ಕನ್ನಡಿಗರೂ ಇದ್ದಾರು. ಗ್ಯಾಟ್‌ವಿಕ್ ಕಥೆ ಇನ್ನೂ ವೇಗದ್ದು. 2021ರ ಮಾರ್ಚ್‌ನಲ್ಲಿ 5 ಪೌಂಡ್, 2025ರ ಮೇ ಹೊತ್ತಿಗೆ 7, 2026ರ ಜನವರಿಯಲ್ಲಿ 10. ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಗೂ ಹೆಚ್ಚು. ಐದು ವರ್ಷ ತುಂಬುವ ಮೊದಲೇ ದುಪ್ಪಟ್ಟು. ಆಸ್ತಿಯ ಮೇಲಿನ ಸ್ಥಳೀಯ ತೆರಿಗೆ ಏರಿದ್ದೇ ಇದಕ್ಕೆ ಕಾರಣ ಎಂದು ಗ್ಯಾಟ್‌ವಿಕ್ ಹೇಳಿತು. ಅಂದರೆ ದಟ್ಟಣೆ ತಡೆಯುವ ಹೆಸರಿನಲ್ಲಿ ಬಂದ ಶುಲ್ಕ ಕಂಪನಿಯ ಖರ್ಚು ತೂಗಿಸುವ ಶುಲ್ಕವಾಯಿತು. ಅಲ್ಲಿಯವರೆಗೆ ಏನನ್ನೂ ಕೇಳದೆ ಉಳಿದಿದ್ದ ಲಂಡನ್ ಸಿಟಿ ನಿಲ್ದಾಣವೂ 2026ರ ಜನವರಿಯಿಂದ 8 ಪೌಂಡ್ ವಸೂಲಿಗೆ ನಿಂತಿತು. ಒಮ್ಮೆ ಬೇರು ಬಿಟ್ಟ ಶುಲ್ಕವನ್ನು ಕಿತ್ತವರನ್ನು ಹುಡುಕಬೇಕು.

ಬೆಂಗಳೂರಿಗೆ ಬಂದರೆ, ಬದಲಿಗೆ ಏನಿದೆ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ನಿಲ್ದಾಣ ತೆರೆದು ಹದಿನೇಳು ವರ್ಷ ದಾಟಿದರೂ ಟರ್ಮಿನಲ್ ಬಾಗಿಲಿಗೆ ಹಳಿ ಬಂದಿಲ್ಲ. ಕೆ.ಆರ್. ಪುರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ನೀಲಿ ಮಾರ್ಗಕ್ಕೆ, ಸಿಲ್ಕ್ ಬೋರ್ಡ್ ಭಾಗವೂ ಸೇರಿ, ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2021ರ ಏಪ್ರಿಲ್‌ನಲ್ಲಿ. 58 ಕಿಲೋಮೀಟರ್, 14,788 ಕೋಟಿ ರೂಪಾಯಿ. ಗಡುವುಗಳು ಒಂದರ ಹಿಂದೆ ಒಂದು ಜಾರಿದವು. ಉಪನಗರ ರೈಲು ಯೋಜನೆಯಲ್ಲಿ ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಹೋಗಬೇಕಾದ ಕಾರಿಡಾರ್‌ಗೆ ಸಂಪಿಗೆ ಎಂಬ ಚೆಂದದ ಹೆಸರಿಟ್ಟಿದ್ದಾರೆ. ನಾಲ್ಕು ಕಾರಿಡಾರ್‌ಗಳಲ್ಲಿ ಜನಕ್ಕೆ ತುರ್ತಾಗಿ ಬೇಕಿದ್ದದ್ದು ಅದೇ, ಆದರೆ ಕಾಮಗಾರಿಯ ಸರದಿಯಲ್ಲಿ ಹಿಂದೆ ಬಿದ್ದದ್ದೂ ಅದೇ. 2021ರ ಜನವರಿಯಲ್ಲಿ ನಿಲ್ದಾಣದ ಪಕ್ಕ ಒಂದು ಹಾಲ್ಟ್ ಸ್ಟೇಷನ್ ತೆರೆದು ಕೆಲವು ರೈಲು ಬಿಟ್ಟರು. ಹತ್ತು ರೂಪಾಯಿಯ ಆಸುಪಾಸಿನಲ್ಲಿ ನಗರ ಸೇರಬಹುದು ಎಂಬುದೇನೋ ನಿಜ. ಆದರೆ ರೈಲಿನ ಹೊತ್ತು ವಿಮಾನದ ಹೊತ್ತಿಗೆ ಹೊಂದದಿದ್ದರೆ ಅಗ್ಗದ ಟಿಕೆಟ್ಟಿನಿಂದ ಏನು ಪ್ರಯೋಜನ?

ಸದ್ಯಕ್ಕೆ ಮರ್ಯಾದೆ ಉಳಿಸಿರುವುದು ಬಿಎಂಟಿಸಿಯ ವಾಯು ವಜ್ರ, ಹೊರ ಊರುಗಳಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್. ಮೈಸೂರಿನವರು, ಮಡಿಕೇರಿಯವರು ನೇರ ನಿಲ್ದಾಣದಿಂದಲೇ ಬಸ್ಸು ಹತ್ತಿ ಊರು ಸೇರುತ್ತಾರೆ. ಫ್ಲೈಬಸ್ ಇರುವ ಊರಿನಿಂದ ಕಾರು ತೆಗೆದುಕೊಂಡು ಬರುವವರು ತಾವಾಗಿಯೇ ಕಡಿಮೆಯಾಗುತ್ತಾರೆ. ಅವರ ಮೇಲೆ ಯಾರೂ ಶುಲ್ಕ ಹೇರಬೇಕಿಲ್ಲ. ಲೇನ್‌ನ ಹಣ ಹರಿಯಬೇಕಾದ್ದು ಈ ಕಡೆಗೆ. ಒಂದು ಹೊಸ ಫ್ಲೈಬಸ್ ಮಾರ್ಗ ದಿನಕ್ಕೆ ಎಷ್ಟು ಕಾರುಗಳನ್ನು ಲೇನ್‌ನಿಂದ ದೂರವಿಡುತ್ತದೆ ಎಂದು ಅಳೆದು ನೋಡಿದರೆ, 150 ರೂಪಾಯಿಯ ಭಯಕ್ಕಿಂತ ಅದೇ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಈ ಲೇಖನದ ನಂಬಿಕೆ.

ಅಮೆರಿಕದ ಅನೇಕ ನಿಲ್ದಾಣಗಳಲ್ಲಿ ಇನ್ನೊಂದು ಸರಳ ಏರ್ಪಾಡು ಇದೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಟರ್ಮಿನಲ್ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಕಾಯುವುದಕ್ಕೆ ಬಿಗಿ ನಿಷೇಧ ಬಂತು. ಕರೆಯಲು ಬಂದವರು ರಸ್ತೆಯ ಪಕ್ಕದಲ್ಲಿ ನಿಲ್ಲತೊಡಗಿದರು. ಆಗ ನಿಲ್ದಾಣಗಳು ಸ್ವಲ್ಪ ದೂರದಲ್ಲಿ ಕಾಯುವ ಬಯಲು ಮಾಡಿಕೊಟ್ಟವು. ಕಾರಿನಲ್ಲೇ ಕೂತಿರಬೇಕು, ಲಗೇಜ್ ಕೈಗೆ ಬಂತು ಎಂದು ಫೋನ್ ಬಂದ ಮೇಲೆ ಬಾಗಿಲಿಗೆ ಹೋಗಬೇಕು, ದುಡ್ಡಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕಿನ ಜೆಎಫ್‌ಕೆ ಎರಡರಲ್ಲೂ ಇದು ಇದೆ. ಬೇ ಏರಿಯಾದ ಕನ್ನಡಿಗರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಕೆಂಪೇಗೌಡ ನಿಲ್ದಾಣದ ಬಳಿ ಇರುವ ಜಮೀನು ಸುಮಾರು 4,000 ಎಕರೆ. ದೇವನಹಳ್ಳಿ ಸುತ್ತಲ ರೈತರ ಹೊಲಗಳನ್ನು ಸಾರ್ವಜನಿಕ ಉದ್ದೇಶಕ್ಕೆ ಎಂದು ಪಡೆದು ಕಟ್ಟಿದ ನಿಲ್ದಾಣ ಅದು. ಆ ವಿಸ್ತಾರದಲ್ಲಿ ಶೌಚಾಲಯ, ಕುಡಿಯುವ ನೀರು, ನಾಲ್ಕು ಮರದ ನೆರಳು ಇರುವ ಕೆಲವು ಎಕರೆಯ ಉಚಿತ ಕಾಯುವ ಜಾಗ ಎಷ್ಟು ದೊಡ್ಡದಿದೆ, ಟ್ಯಾಕ್ಸಿ ಚಾಲಕರಿಗೆಷ್ಟು, ಖಾಸಗಿ ಕಾರಿಗೆಷ್ಟು ಎಂಬುದು ಯಾವುದೇ ಪಿಕಪ್ ಶುಲ್ಕದ ಪ್ರಕಟಣೆಯ ಮೊದಲ ಸಾಲಾಗಬೇಕು. ದರಪಟ್ಟಿ ಎರಡನೆಯ ಸಾಲು. ಗಾಲಿಕುರ್ಚಿಯವರಿಗೆ, ಎಂಬತ್ತು ದಾಟಿದವರಿಗೆ, ಹಸುಗೂಸಿನ ತಾಯಂದಿರಿಗೆ ಎಷ್ಟು ಹೆಚ್ಚುವರಿ ನಿಮಿಷ ಎಂಬುದು ಅದೇ ಪಟ್ಟಿಯಲ್ಲಿ, ಕಾವಲುಗಾರನ ಮರ್ಜಿಗೆ ಬಿಡದಂತೆ, ಕನ್ನಡದಲ್ಲಿ ಅಚ್ಚಾಗಿರಬೇಕು.

ರಾಜ್ಯ ಸರ್ಕಾರ ಇದರಲ್ಲಿ ತನ್ನದೇನೂ ಇಲ್ಲ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಬಿಐಎಎಲ್‌ನಲ್ಲಿ ಕೆನಡಾದ ಫೇರ್‌ಫ್ಯಾಕ್ಸ್ ಸಮೂಹದ್ದೇ ದೊಡ್ಡ ಪಾಲು. ಆದರೆ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮವಾದ ಕೆಎಸ್‌ಐಐಡಿಸಿ ಮೂಲಕ ಕರ್ನಾಟಕಕ್ಕೆ ಶೇ 13, ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಮೂಲಕ ಕೇಂದ್ರಕ್ಕೆ ಶೇ 13 ಪಾಲಿದೆ. ಎರಡೂ ಸೇರಿದರೆ ಶೇ 26. ಕಂಪನಿ ಕಾನೂನಿನಲ್ಲಿ ವಿಶೇಷ ನಿರ್ಣಯಕ್ಕೆ ಮುಕ್ಕಾಲು ಭಾಗ ಮತ ಬೇಕು. ಅದನ್ನು ತಡೆಯುವಷ್ಟು ಬಲ ಈ 26ಕ್ಕಿದೆ. ಪಿಕಪ್ ದರಕ್ಕೆ ವಿಶೇಷ ನಿರ್ಣಯ ಬೇಕಿಲ್ಲದಿರಬಹುದು, ಆದರೆ ಇಷ್ಟು ಪಾಲು ಇಟ್ಟುಕೊಂಡವರ ಮಾತಿಗೆ ಬೆಲೆ ಇರುತ್ತದೆ. ಟ್ಯಾಕ್ಸಿ ಚಾಲಕನ ಕಾಯುವ ನಿಮಿಷಕ್ಕೆ ಒಂದು ರೂಪಾಯಿ ಎಂದು ಬರೆದ ಸಾರಿಗೆ ಇಲಾಖೆಯ ಸರ್ಕಾರವೇ, ನಿಮಿಷಕ್ಕೆ ಮೂವತ್ತು ರೂಪಾಯಿ ಕೇಳುವ ಕಂಪನಿಯ ಪಾಲುದಾರನೂ ಹೌದು. ವರ್ಷಕ್ಕೆ ಲೇನ್‌ನಿಂದ ಎಷ್ಟು ಸಂಗ್ರಹವಾಯಿತು, ಎಷ್ಟು ಗಾಡಿಗಳನ್ನು ಎಳೆದೊಯ್ಯಲಾಯಿತು, ಗಾಡಿಗಳು ಸರಾಸರಿ ಎಷ್ಟು ನಿಮಿಷ ನಿಂತವು, ಶುಲ್ಕ ಬಂದ ಮೇಲೆ ಆ ಸರಾಸರಿ ಇಳಿಯಿತೇ ಎಂಬ ವಿವರವನ್ನು ವಿಧಾನಸಭೆಯಲ್ಲಿ ಒಬ್ಬ ಶಾಸಕರು ಕೇಳಿದರೂ ಉತ್ತರ ಬರಬೇಕು.

ಕಾಯ್ದೆಯ ಕಡೆಯಿಂದಲೂ ಬಾಗಿಲಿದೆ. ಬೆಂಗಳೂರು ನಿಲ್ದಾಣದ ದರಗಳನ್ನು ಆರ್ಥಿಕ ನಿಯಂತ್ರಣ ಪ್ರಾಧಿಕಾರ ಐದೈದು ವರ್ಷಕ್ಕೆ ಒಮ್ಮೆ ನಿರ್ಧರಿಸುತ್ತದೆ. ಮೂರನೆಯ ಅವಧಿ 2021ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನದು. ಅದರ ಮುಂದಿನದು 2031ರ ಮಾರ್ಚ್‌ವರೆಗೆ ಹೋಗುತ್ತದೆ. ಆ ದರ ನಿರ್ಧಾರದಲ್ಲಿ ವಿಮಾನೇತರ ಆದಾಯದ ಅಂದಾಜೂ ಲೆಕ್ಕಕ್ಕೆ ಬರುತ್ತದೆ. ಪಿಕಪ್ ಲೇನ್‌ನ ಸಂಗ್ರಹವನ್ನು ಅಂಗಡಿ ಬಾಡಿಗೆಯ ಜೊತೆ ಬೆರೆಸದೆ ಪ್ರತ್ಯೇಕವಾಗಿ ತೋರಿಸಿ, ಅದರ ಪೂರ್ತಿ ಮೊತ್ತವನ್ನು ಯುಡಿಎಫ್ ಇಳಿಕೆಗೆ ಹಿಡಿಯಿರಿ ಎಂಬ ಆಕ್ಷೇಪವನ್ನು ಚಾಲಕರ ಸಂಘವೂ ಸಲ್ಲಿಸಬಹುದು, ಗ್ರಾಹಕ ಸಂಘಟನೆಯೂ ಸಲ್ಲಿಸಬಹುದು, ದೆಹಲಿಯ ಪ್ರಾಧಿಕಾರದ ಕಚೇರಿಗೆ ಒಂದು ಪತ್ರ ಬರೆಯಬಲ್ಲ ಯಾವ ಪ್ರಯಾಣಿಕರೂ ಸಲ್ಲಿಸಬಹುದು. ಕಾರು ನಿಲುಗಡೆಯನ್ನು, ಕನಿಷ್ಠ ಬಾಗಿಲ ಮುಂದಿನ ಲೇನ್ ಅನ್ನು, ನಿಯಂತ್ರಿತ ಸೇವೆಗಳ ವ್ಯಾಖ್ಯೆಗೆ ಸೇರಿಸಲು 2008ರ ಕಾಯ್ದೆಗೆ ತಿದ್ದುಪಡಿ ಬೇಕು. ಅದು ಸಂಸತ್ತಿನ ಕೆಲಸ, ಕರ್ನಾಟಕದ 28 ಲೋಕಸಭಾ ಸದಸ್ಯರಲ್ಲಿ ಹಲವರು ದೆಹಲಿಗೆ ಹೋಗಿಬರುವುದು ಇದೇ ನಿಲ್ದಾಣದ ಮೂಲಕ.